ಮೈ ಯಾರದೋ, ಮಾತು ಅವರ ಜೊತೆ

(ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಅಂಗವಿಕಲರ ಲೈಂಗಿಕ ಆರೋಗ್ಯದ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ನೀವು ಒಂದು ಮನೆಗೆ ಹೋಗುತ್ತೀರಿ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಬಂತಾ, ಮಾಸಾಶನ ಜಮಾ ಆಗ್ತಾ ಇದೆಯಾ, ಟ್ರೈಸಿಕಲ್ ಸರಿ ಇದೆಯಾ ಅಂತ ಕೇಳುತ್ತೀರಿ. ಉತ್ತರ ಕೊಡುವವರು ಯಾರು? ತಾಯಿ, ಅಣ್ಣ, ಇಲ್ಲವೇ ಅತ್ತಿಗೆ. ಯಾರ ಹೆಸರಿನಲ್ಲಿ ಕಾರ್ಡ್ ಇದೆಯೋ ಆ ಇಪ್ಪತ್ತೆಂಟು ವರ್ಷದ ಹೆಂಗಸು ಅಲ್ಲೇ ಗೋಡೆಗೆ ಒರಗಿ ಕೂತಿರುತ್ತಾರೆ. ‘ಅವಳಿಗೇನೂ ತೊಂದರೆ ಇಲ್ಲ ಮೇಡಂ’ ಅಂತ ಪಕ್ಕದವರೇ ಹೇಳಿ ಮುಗಿಸುತ್ತಾರೆ. ಕಾರ್ಡಿನ ವಿಷಯ ಹೀಗೆ ಹೇಗೋ ನಡೆದುಹೋಗುತ್ತದೆ. ಮುಟ್ಟು, ಬಿಳಿಸೆರಗು, ಉರಿಮೂತ್ರ, ಗಂಡ ಹೆಂಡಿರ ಸಂಬಂಧ, ಯಾರೋ ಕೈ ಹಾಕಿದ್ದು, ಇವೆಲ್ಲ ಹಾಗೆ ನಡೆಯುವುದಿಲ್ಲ. ಮೂರನೆಯವರು ಎದುರಿಗಿರುವಾಗ ಈ ಮಾತುಗಳು ಬಾಯಿಗೆ ಬರುವುದೇ ಇಲ್ಲ.

ಹಾಗಾಗಿ ರೋಗ, ಔಷಧಿಗಿಂತ ಮೊದಲು ಏಕಾಂತದ ಮಾತು ಆಡೋಣ. ‘ಅಮ್ಮಾ, ಇವರ ಹತ್ತಿರವೇ ಒಂದಿಷ್ಟು ಕೇಳಬೇಕು, ಆಮೇಲೆ ನಿಮ್ಮ ಜೊತೆ ಬೇರೆ ಕೂತು ಮಾತಾಡ್ತೀನಿ’ ಅಂದರೆ ಬಹಳ ಮನೆಗಳಲ್ಲಿ ಒಪ್ಪುತ್ತಾರೆ. ಎರಡನೇ ಅರ್ಧ ಬಿಡಬೇಡಿ. ತನ್ನನ್ನು ದೂರ ಇಟ್ಟರು ಅಂತ ತಾಯಿಗೆ ಅನ್ನಿಸಿದರೆ ಮುಂದಿನ ಸಲ ಬಾಗಿಲೇ ತೆರೆಯುವುದಿಲ್ಲ. ಒಂದೇ ಕೋಣೆಯ ಮನೆಯಾದರೆ ಜಗಲಿ, ಹಿತ್ತಲು, ಅಂಗನವಾಡಿಯ ಮೂಲೆ ಸಾಕು. ಕಣ್ಣಿಗೆ ಕಾಣಿಸಬೇಕು, ಕಿವಿಗೆ ಕೇಳಿಸಬಾರದು, ಅಷ್ಟು ದೂರ. ಕಿವುಡರ ಜೊತೆ ಸನ್ನೆಯಲ್ಲಿ ಮಾತಾಡುವಾಗ ಲೆಕ್ಕ ತಿರುವುಮುರುವು: ದೂರದಿಂದಲೂ ಸನ್ನೆ ಕಾಣುತ್ತದೆ. ಅವರ ಕೈ ಬೀದಿಗೆ ಕಾಣದ ಹಾಗೆ, ಬೆನ್ನು ಕಿಟಕಿಯ ಕಡೆಗೆ ಬರುವಂತೆ ಕೂರಿಸಿಕೊಳ್ಳಿ. ಹೆಂಗಸರ ಜೊತೆ ಹೆಂಗಸರು, ಗಂಡಸರ ಜೊತೆ ಗಂಡಸರು ಮಾತಾಡುವುದು ವಾಸಿ.

ಇದು ನಿಮ್ಮ ಕೆಲಸವೇ ಅಂತ ಯಾರಾದರೂ ಕೇಳಿದರೆ ಕಾನೂನು ನಿಮ್ಮ ಬೆನ್ನಿಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಸಂತಾನ ಮತ್ತು ಕುಟುಂಬ ಯೋಜನೆಯ ಮಾಹಿತಿ ಅಂಗವಿಕಲರಿಗೆ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತದೆ. 25ನೇ ಸೆಕ್ಷನ್ ಲೈಂಗಿಕ ಮತ್ತು ಸಂತಾನ ಆರೋಗ್ಯ ಸೇವೆಯ ಹೆಸರನ್ನೇ ಎತ್ತಿ ಹೇಳುತ್ತದೆ.

ತಪ್ಪು ನಂಬಿಕೆಗಳಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪೋಲಿಯೊದಲ್ಲಿ ಸೋಲುವುದು ಸ್ನಾಯು. ಸ್ಪರ್ಶ ಹೋಗುವುದಿಲ್ಲ, ಮಕ್ಕಳಾಗುವ ಶಕ್ತಿಯೂ ಹೋಗುವುದಿಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಹುಡುಗ ಹುಡುಗಿಯರ ಮೈ ಬಹುತೇಕ ಉಳಿದವರ ವಯಸ್ಸಿನಲ್ಲೇ ನೆರೆಯುತ್ತದೆ. ‘ಇನ್ನೂ ಮಗು ಥರ’ ಅಂತ ಮನೆಯವರು ಅಂದುಕೊಂಡಿರುವಾಗಲೇ ಹುಡುಗಿಗೆ ಎದೆ ಮೂಡಿರುತ್ತದೆ, ಹುಡುಗನಿಗೆ ಮೀಸೆ ಚಿಗುರಿರುತ್ತದೆ. ಅವರಿಗೆ ಆಸೆ ಇರುವುದಿಲ್ಲ ಅನ್ನುವುದೂ ಸುಳ್ಳು, ಅವರಿಗೆ ಅದೇ ಹೆಚ್ಚು ಅನ್ನುವುದೂ ಸುಳ್ಳು.

ಮುಟ್ಟಿನ ವಿಷಯಕ್ಕೆ ಬರೋಣ. ತಾಯಂದಿರು ನಿಮ್ಮನ್ನು ಮೊದಲು ಕೇಳುವುದು ಇದನ್ನೇ.

ಎದೆ ಮೂಡಲು ಶುರುವಾದ ಮೇಲೆ ಮೊದಲ ಮುಟ್ಟಿಗೆ ಸಾಮಾನ್ಯವಾಗಿ ಎರಡು, ಎರಡೂವರೆ ವರ್ಷ ಕಾಲಾವಕಾಶ ಇರುತ್ತದೆ. ನಿಧಾನವಾಗಿ ಕಲಿಯುವ ಹುಡುಗಿಗೆ ಆ ಅವಧಿಯೇ ಪಾಠದ ಕಾಲ. ಮುಟ್ಟಾದ ದಿನ ಕಲಿಸಲು ಹೋದರೆ ಅವಳು ರಕ್ತ ನೋಡಿ ಹೆದರಿರುತ್ತಾಳೆ, ತಾಯಿ ಗಾಬರಿಯಲ್ಲಿರುತ್ತಾರೆ, ಆ ಹೊತ್ತಿನಲ್ಲಿ ಯಾವುದೂ ತಲೆಗೆ ಹೋಗುವುದಿಲ್ಲ. ಮೊದಲು ವಾರಕ್ಕೆ ಒಂದೆರಡು ಸಲ, ಒಂದು ಗಂಟೆ, ಒಣ ಪ್ಯಾಡ್ ಹಾಕಿಸಿ ಅಭ್ಯಾಸ ಮಾಡಿಸಬೇಕು. ಚಡ್ಡಿಯ ಒಳಗೆ ಪ್ಯಾಡ್ ಕೂರುವ ಜಾಗಕ್ಕೆ ಬಣ್ಣದ ದಾರದಲ್ಲಿ ಸುತ್ತ ಹೊಲಿಗೆ ಹಾಕಿಕೊಡಿ. ಆ ಗೆರೆಯೊಳಗೆ ಅಂಟಿಸಬೇಕು ಅಂತ ಕೈಗೇ ಗೊತ್ತಾಗುತ್ತದೆ. ಕಣ್ಣು ಕಾಣದ ಹುಡುಗಿಗೂ ಈ ದಾರ ಬೆರಳಿಗೆ ಸಿಗುತ್ತದೆ.

ಕಲಿಸುವುದನ್ನು ಕೊನೆಯಿಂದ ಶುರು ಮಾಡಿ. ಪ್ಯಾಡ್ ಬದಲಿಸುವುದರಲ್ಲಿ ಏಳೆಂಟು ಹೆಜ್ಜೆ ಇವೆ: ಬಚ್ಚಲಿಗೆ ಹೋಗಿ ಬಾಗಿಲು ಹಾಕುವುದು, ಚಡ್ಡಿ ಇಳಿಸುವುದು, ಹಳೆಯದನ್ನು ಕೀಳುವುದು, ಕಾಗದದಲ್ಲಿ ಸುತ್ತುವುದು, ಡಬ್ಬಿಗೆ ಹಾಕುವುದು, ಹೊಸದನ್ನು ಅಂಟಿಸುವುದು, ಚಡ್ಡಿ ಏರಿಸುವುದು, ಕೈ ತೊಳೆಯುವುದು. ಮೊದಲ ದಿನಗಳಲ್ಲಿ ತಾಯಿ ಎಲ್ಲವನ್ನೂ ಮಾಡಿ ಕೈ ತೊಳೆಯುವುದನ್ನು ಮಾತ್ರ ಮಗಳಿಗೆ ಬಿಡಬೇಕು. ಅದು ಬಂದ ಮೇಲೆ ಚಡ್ಡಿ ಏರಿಸಿ ಕೈ ತೊಳೆಯುವುದು. ಹೀಗೆ ಹಿಂದಕ್ಕೆ ಒಂದೊಂದೇ ಹೆಜ್ಜೆ. ಪ್ರತಿ ಸಲವೂ ಕೆಲಸ ಅವಳ ಕೈಯಲ್ಲೇ ಮುಗಿಯುತ್ತದೆ, ‘ನಾನೇ ಮಾಡಿದೆ’ ಅನ್ನುವ ಭಾವ ಬರುತ್ತದೆ. ಮೊದಲಿಂದ ಶುರು ಮಾಡಿದರೆ ಮೂರನೇ ಹೆಜ್ಜೆಯಲ್ಲಿ ತಪ್ಪಿ, ತಾಯಿ ಕಸಿದುಕೊಂಡು ಮಾಡಿ, ಇಬ್ಬರಿಗೂ ಸಾಕಾಗುತ್ತದೆ.

ಒಂದೆರಡು ಸಲ ಪ್ಯಾಡಿನ ಮೇಲೆ ಕುಂಕುಮ ಕದಡಿದ ನೀರು ಹನಿಸಿ ತೋರಿಸಿ. ಕೆಂಪು ಬಂದರೆ ಪೆಟ್ಟಾಗಿದೆ ಅಂತಲ್ಲ, ಬದಲಿಸಬೇಕು ಅಂತ ಅರ್ಥ. ಗಂಟೆ ನೋಡಲು ಬಾರದವರಿಗೆ ‘ನಾಲ್ಕು ಗಂಟೆಗೊಮ್ಮೆ’ ಅಂದರೆ ಪ್ರಯೋಜನವಿಲ್ಲ. ಎದ್ದ ಕೂಡಲೆ, ತಿಂಡಿ ಆದ ಮೇಲೆ, ಮಧ್ಯಾಹ್ನದ ಊಟ ಆದ ಮೇಲೆ, ಸಂಜೆ ಕಾಫಿಗೆ, ಮಲಗುವ ಮುಂಚೆ, ಹೀಗೆ ದಿನಚರಿಗೆ ಗಂಟು ಹಾಕಿ. ಪ್ಯಾಡ್ ಕಿತ್ತು ಎಸೆಯುವ ಹುಡುಗಿಯರಿದ್ದಾರೆ, ಅದರಲ್ಲೂ ಆಟಿಸಂ ಇರುವವರು. ಅದನ್ನು ಹಟ ಅನ್ನಬೇಡಿ, ಪ್ಲಾಸ್ಟಿಕ್ ಹಾಳೆ ಚುಚ್ಚುತ್ತಿರಬಹುದು. ಹಳೆಯ ಮೆತ್ತನೆ ಹತ್ತಿ ಬಟ್ಟೆಯ ಪ್ಯಾಡ್ ಕೊಟ್ಟು ನೋಡಿ. ಬಟ್ಟೆಯದನ್ನು ಬಿಸಿಲಿನಲ್ಲೇ ಒಣಗಿಸಬೇಕು, ಮಂಚದ ಕೆಳಗೆ ಮುಚ್ಚಿಟ್ಟು ಅಲ್ಲ.

ಮಾತು ಬಾರದ ಹುಡುಗಿ ತಿಂಗಳಿಗೆ ಎರಡು ದಿನ ಕೈ ಕಚ್ಚಿಕೊಳ್ಳುತ್ತಾಳೆ, ಗೋಡೆಗೆ ತಲೆ ಬಡಿಯುತ್ತಾಳೆ ಅಂದರೆ ಕ್ಯಾಲೆಂಡರ್ ತೆಗೆದುಕೊಳ್ಳಿ. ಆ ದಿನಗಳಿಗೆ ಗುರುತು ಹಾಕಿ, ಮುಟ್ಟಿನ ದಿನಗಳಿಗೂ ಗುರುತು ಹಾಕಿ. ಎರಡೂ ಅಕ್ಕಪಕ್ಕ ಬಂದರೆ ಅದು ಬಹುಶಃ ಹೊಟ್ಟೆನೋವು. ಅದಕ್ಕೆ ವೈದ್ಯರು ಕೊಡುವ ನೋವಿನ ಮಾತ್ರೆ ಬೇಕು, ಮನೋರೋಗದ ಮಾತ್ರೆ ಅಲ್ಲ. ಮೂರ್ಛೆ ಇರುವವರಲ್ಲಿ ಮುಟ್ಟಿನ ಹಿಂದುಮುಂದು ಫಿಟ್ಸ್ ಹೆಚ್ಚಾಗುವುದುಂಟು. ಅದನ್ನೂ ಇದೇ ಕ್ಯಾಲೆಂಡರ್ ಹಿಡಿದುಕೊಡುತ್ತದೆ; ನರರೋಗ ತಜ್ಞರ ಹತ್ತಿರ ಹೋಗುವಾಗ ಅದನ್ನೇ ತೆಗೆದುಕೊಂಡು ಹೋಗಿ.

ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇರುವ ಹುಡುಗಿಯ ತೊಡೆಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ತಾಯಿ ಅವಸರದಲ್ಲಿ ಕಾಲು ಎಳೆದು ಅಗಲಿಸುತ್ತಾರೆ. ಎಳೆದಷ್ಟೂ ಸೆಳೆತ ಹೆಚ್ಚುತ್ತದೆ, ಅದು ಸ್ನಾಯುವಿನ ಗುಣ. ಪಕ್ಕಕ್ಕೆ ಮಲಗಿಸಿ, ಎರಡೂ ಮಂಡಿ ಮಡಚಿ ನಿಧಾನವಾಗಿ ಎದೆಯ ಕಡೆಗೆ ತನ್ನಿ, ಸ್ವಲ್ಪ ಹೊತ್ತು ಹಾಗೇ ಹಿಡಿಯಿರಿ. ಬಿಗಿತ ಸಡಿಲವಾದ ಮೇಲೆ ಹಿಂದಿನಿಂದ ಪ್ಯಾಡ್ ಬದಲಿಸುವುದು ಸುಲಭ. ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಚಡ್ಡಿಯ ಎರಡೂ ಪಕ್ಕ ಬಿಚ್ಚಿ ವೆಲ್ಕ್ರೋ ಹೊಲಿಸಿದರೆ ಕಾಲಿನಿಂದ ಇಳಿಸುವ ಕಷ್ಟವೇ ಇರುವುದಿಲ್ಲ. ಗಾಲಿಕುರ್ಚಿಯಲ್ಲಿ ದಿನವಿಡೀ ಕೂರುವವರಿಗೆ ಪ್ಯಾಡಿನ ಮಡಿಕೆಯೇ ಒತ್ತುಹುಣ್ಣು ಮಾಡಬಲ್ಲದು. ಬದಲಿಸುವಾಗೆಲ್ಲ ಚರ್ಮ ನೋಡಿ.

ಸರ್ಕಾರದ ಶುಚಿ ಯೋಜನೆಯ ಪ್ಯಾಡುಗಳು ಶಾಲೆ, ಹಾಸ್ಟೆಲುಗಳ ಮೂಲಕ ಹೋಗುತ್ತವೆ. ಶಾಲೆಗೇ ಹೋಗದೆ ಮನೆಯಲ್ಲಿ ಉಳಿದ ಹುಡುಗಿಯ ನೆನಪು ಮಾಡಿಕೊಡಬೇಕಾದವರು ನೀವು.

ಇಷ್ಟೆಲ್ಲ ಯಾಕೆ, ಗರ್ಭಕೋಶವನ್ನೇ ತೆಗೆಸಿಬಿಡೋಣ ಅನ್ನುವ ತಂದೆತಾಯಿ ಸಿಗುತ್ತಾರೆ. ಅವರು ಕ್ರೂರಿಗಳಲ್ಲ, ದಣಿದವರು, ಹೆದರಿದವರು. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ಆಮೇಲೆ ಸ್ಪಷ್ಟವಾಗಿ ಹೇಳಿ. 1994ರಲ್ಲಿ ಪುಣೆಯಲ್ಲಿ, ಶಿರೂರಿನ ಸರ್ಕಾರಿ ನಿಲಯದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಹೆಣ್ಣುಮಕ್ಕಳಿಗೆ ಈ ಶಸ್ತ್ರಚಿಕಿತ್ಸೆ ಮಾಡಿಸಿದಾಗ ದೇಶದಲ್ಲೇ ದೊಡ್ಡ ಪ್ರತಿಭಟನೆ ಎದ್ದಿತು. ಈಗಿನ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಮುಕ್ತ ಮನಸ್ಸಿನ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಅಂಗವಿಕಲ ವ್ಯಕ್ತಿಗೆ ಸಂತಾನ ಶಕ್ತಿ ಹೋಗುವಂಥ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಕಾನೂನಿಗಿಂತ ದೊಡ್ಡ ಮಾತು ಇದು: ಗರ್ಭಕೋಶ ತೆಗೆಸಿದರೆ ನಿಲ್ಲುವುದು ಮುಟ್ಟು, ದೌರ್ಜನ್ಯ ಅಲ್ಲ. ದೌರ್ಜನ್ಯ ಮಾಡುವವನಿಗೆ ಸಿಕ್ಕಿಬೀಳುವ ಭಯವೂ ಹೋಗುತ್ತದೆ. ರಕ್ತಸ್ರಾವ ನಿಜಕ್ಕೂ ತೀರ ಹೆಚ್ಚಿದ್ದರೆ ಅದನ್ನು ಕಡಿಮೆ ಮಾಡುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ವಂಕಿ ಇದೆ. ಸ್ತ್ರೀರೋಗ ತಜ್ಞರ ಹತ್ತಿರ ಆ ಪ್ರಶ್ನೆ ಎತ್ತಿ.

ಹುಡುಗರ ವಿಷಯದಲ್ಲಿ ದೂರು ಒಂದೇ: ‘ಎಲ್ಲರ ಎದುರಿಗೇ ಅಲ್ಲಿ ಕೈ ಹಾಕ್ತಾನೆ.’ ಮೊದಲು ಚರ್ಮ ನೋಡಿ. ತೊಡೆಸಂದಿಯಲ್ಲಿ ಹುಳುಕಡ್ಡಿ, ಮುಂದೊಗಲಿನ ಕೆಳಗೆ ಕೊಳೆ, ಬಿಗಿಯಾದ ಚಡ್ಡಿ ಇವುಗಳಿಂದಲೂ ಕೈ ಹೋಗುತ್ತದೆ. ಇವೇನೂ ಇಲ್ಲದಿದ್ದರೆ ಅದು ಹಸ್ತಮೈಥುನ, ಆ ವಯಸ್ಸಿಗೆ ಸಹಜವಾದದ್ದು. ಬೈದರೆ, ಹೊಡೆದರೆ ನಿಲ್ಲುವುದಿಲ್ಲ. ‘ಮಾಡಬೇಡ’ ಅನ್ನುವ ಬದಲು ‘ಇಲ್ಲಿ ಅಲ್ಲ’ ಅಂತ ಕಲಿಸಬೇಕು. ಮನೆಯ ನಕ್ಷೆ ಬರೆದು ಜನ ಓಡಾಡುವ ಜಾಗಕ್ಕೆ ಒಂದು ಬಣ್ಣ, ಅವನೊಬ್ಬನೇ ಇರಬಹುದಾದ ಜಾಗಕ್ಕೆ ಇನ್ನೊಂದು ಬಣ್ಣ ತುಂಬಿಸಿ. ಬಾಗಿಲು ಹಾಕು, ಮುಗಿದ ಮೇಲೆ ಒರೆಸಿಕೋ, ಕೈ ತೊಳೆ. ಸಣ್ಣ ಮನೆಯಲ್ಲಿ ಬಚ್ಚಲೇ ಆ ಜಾಗ. ಅಪ್ಪ, ಅಜ್ಜಿ, ಮೇಷ್ಟ್ರು ಎಲ್ಲರೂ ಇದೇ ಮಾತು ಹೇಳಬೇಕು; ಒಬ್ಬರು ನಕ್ಕು ಇನ್ನೊಬ್ಬರು ಹೊಡೆದರೆ ಅವನಿಗೆ ಏನೂ ಅರ್ಥವಾಗುವುದಿಲ್ಲ. ಇನ್ನೊಂದು, ಹದಿನಾಲ್ಕು ವರ್ಷದ ಹುಡುಗನ ಬಟ್ಟೆಯನ್ನು ನಡುಮನೆಯಲ್ಲೇ ಬದಲಿಸುತ್ತಿದ್ದರೆ, ಬಟ್ಟೆ ಬಿಚ್ಚುವ ಜಾಗ ನಡುಮನೆ ಅಂತ ಅವನಿಗೆ ಕಲಿಸಿದವರು ನಾವೇ.

ಮೈ ಮುಟ್ಟುವುದರ ಬಗ್ಗೆ ಶಾಲೆಗಳಲ್ಲಿ ‘ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ’ ಅಂತ ಹೇಳಿಕೊಡುತ್ತಾರೆ. ನಮ್ಮ ಮಕ್ಕಳಿಗೆ ಅದು ಸಾಲದು. ಸ್ನಾನ ಮಾಡಿಸಲು, ಕುಂಡೆ ತೊಳೆಯಲು, ಕೆಥೆಟರ್ (ಮೂತ್ರ ತೆಗೆಯುವ ಕೊಳವೆ) ಹಾಕಲು ಇನ್ನೊಬ್ಬರು ದಿನಾ ಮುಟ್ಟಲೇಬೇಕಾದ ಮಗುವಿಗೆ ‘ಅಲ್ಲಿ ಯಾರೂ ಮುಟ್ಟಬಾರದು’ ಅಂದರೆ ಅದು ಸುಳ್ಳಾಗುತ್ತದೆ. ಕೆಟ್ಟ ಸ್ಪರ್ಶ ಯಾವಾಗಲೂ ನೋಯಿಸುವುದೂ ಇಲ್ಲ. ಅದರ ಬದಲು ಹೀಗೆ ಕಲಿಸಿ: ಯಾರು ಮುಟ್ಟಬಹುದು, ಯಾವ ಕೆಲಸಕ್ಕೆ, ಎಷ್ಟು ಹೊತ್ತು. ಮುಟ್ಟುವ ಮುಂಚೆ ಹೇಳಬೇಕು: ‘ಈಗ ಚಡ್ಡಿ ಬಿಚ್ಚುತ್ತೀನಿ, ಈಗ ತೊಳೀತೀನಿ.’ ‘ಯಾರಿಗೂ ಹೇಳಬೇಡ’ ಅನ್ನುವ ಸ್ಪರ್ಶ ಯಾರದೇ ಆದರೂ ತಪ್ಪು. ಅಂಗಗಳಿಗೆ ಸರಿಯಾದ ಹೆಸರು ಕಲಿಸಿ. ಯೋನಿ, ಶಿಶ್ನ ಅನ್ನುವ ಪದ ದೊಡ್ಡದಾದರೆ ಊರಿನ ಮಾತೇ ಇರಲಿ, ಆದರೆ ಪೊಲೀಸರಿಗೂ ವೈದ್ಯರಿಗೂ ಅರ್ಥವಾಗುವಂಥದು ಇರಲಿ. ಚಿತ್ರಫಲಕ ತೋರಿಸಿ ಮಾತಾಡುವ ಮಕ್ಕಳ ಫಲಕದಲ್ಲಿ ಅನ್ನ, ನೀರು, ಟಿವಿ ಎಲ್ಲ ಇರುತ್ತದೆ. ಗುಪ್ತಾಂಗದ ಚಿತ್ರ, ‘ಮುಟ್ಟಿದ’, ‘ನೋವು’, ‘ಬೇಡ’ ಇರುವುದಿಲ್ಲ. ಇಲ್ಲದ ಚಿತ್ರವನ್ನು ಮಗು ಹೇಗೆ ತೋರಿಸೀತು?

‘ಬೇಡ’ ಅನ್ನುವುದು ಅಭ್ಯಾಸದಿಂದ ಬರುತ್ತದೆ. ಇನ್ನೊಂದು ತುತ್ತು ಬೇಡ ಅಂದಾಗ ತುರುಕಿ, ಮಾಮನಿಗೆ ಮುತ್ತು ಕೊಡಲ್ಲ ಅಂದಾಗ ಬಲವಂತ ಮಾಡಿದ ಮಗು, ಕತ್ತಲಲ್ಲಿ ಯಾರೋ ಹತ್ತಿರ ಬಂದಾಗ ಬೇಡ ಅಂತ ಕೂಗುವುದಿಲ್ಲ.

ಏನಾದರೂ ಆಗಿಬಿಟ್ಟಿದ್ದರೆ? ಹದಿನೆಂಟು ತುಂಬದ ಮಗುವಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112. ಮತ್ತೆ ಮತ್ತೆ ಪ್ರಶ್ನೆ ಕೇಳಬೇಡಿ. ಮಗು ಹೇಳಿದ್ದನ್ನು ಮಗುವಿನ ಮಾತಲ್ಲೇ ಬರೆದಿಡಿ. ಸ್ನಾನ ಮಾಡಿಸಬೇಡಿ. ಬಟ್ಟೆಯನ್ನು ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಸಾಕ್ಷ್ಯ ಕೆಡುತ್ತದೆ. ಎಫ್‌ಐಆರ್ ಇಲ್ಲ ಅಂತ ಯಾವ ಆಸ್ಪತ್ರೆಯೂ ವಾಪಸು ಕಳಿಸುವಂತಿಲ್ಲ, ಚಿಕಿತ್ಸೆ ಉಚಿತ. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಗರ್ಭ ತಡೆಯುವ ತುರ್ತು ಮಾತ್ರೆಗೂ ಹಾಗೆಯೇ. ಅಂಗವಿಕಲ ಹೆಣ್ಣುಮಗಳ ಮೇಲೆ ಲೈಂಗಿಕ ದೌರ್ಜನ್ಯ ಆದಾಗ ಪೊಲೀಸರು ಅವಳ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ, ಸನ್ನೆಭಾಷೆ ಬಲ್ಲವರ ಇಲ್ಲವೇ ವಿಶೇಷ ಶಿಕ್ಷಕರ ಎದುರಿನಲ್ಲಿ ಹೇಳಿಕೆ ಪಡೆಯಬೇಕು, ಅದನ್ನು ವಿಡಿಯೊ ಮಾಡಬೇಕು. ಇದು ಅವರು ಮಾಡುವ ಉಪಕಾರವಲ್ಲ, ಕಾನೂನು. ನಿಮ್ಮ ತಾಲ್ಲೂಕಿನ ವಿಶೇಷ ಶಿಕ್ಷಕರ ನಂಬರ್ ಇವತ್ತೇ ಫೋನಿನಲ್ಲಿ ಇಟ್ಟುಕೊಳ್ಳಿ. ಗರ್ಭ ನಿಂತಿದ್ದರೆ ನಿರ್ಧಾರ ಅವಳದು. ಸೌಮ್ಯ ಬೌದ್ಧಿಕ ಅಂಗವೈಕಲ್ಯ ಇದ್ದ ಹೆಣ್ಣುಮಗಳೊಬ್ಬಳು ಗರ್ಭ ಉಳಿಸಿಕೊಳ್ಳುತ್ತೇನೆ ಅಂದಾಗ, ಅವಳ ಒಪ್ಪಿಗೆ ಇಲ್ಲದೆ ತೆಗೆಯುವಂತಿಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಡ ಅಂದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಅತ್ಯಾಚಾರಕ್ಕೆ ಒಳಗಾದವರಿಗೆ, ಹೆಚ್ಚಿನ ಅಂಗವೈಕಲ್ಯ ಇರುವವರಿಗೆ 24 ವಾರಗಳವರೆಗೆ ಅವಕಾಶವಿದೆ.

ಈಗ ಬೆನ್ನುಹುರಿಯ ಪೆಟ್ಟು. ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು, ಬೈಕ್ ಅಪಘಾತದವರು ನಿಮ್ಮ ಪಟ್ಟಿಯಲ್ಲಿದ್ದಾರೆ. ಹೆಚ್ಚಿನವರು ಹೊಸದಾಗಿ ಮದುವೆಯಾದ ಅಥವಾ ಆಗಬೇಕಿದ್ದ ವಯಸ್ಸಿನವರು. ಆಸ್ಪತ್ರೆಯಲ್ಲಿ ಕೆಥೆಟರ್ ಹಾಕುವುದು, ಒತ್ತುಹುಣ್ಣು ನೋಡಿಕೊಳ್ಳುವುದು ಕಲಿಸಿ ಕಳಿಸುತ್ತಾರೆ. ಗಂಡ ಹೆಂಡತಿಯಾಗಿ ಬದುಕುವುದು ಹೇಗೆ ಅಂತ ಅವರೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶಿಶ್ನ ನಿಮಿರಲು ಎರಡು ದಾರಿ ಇವೆ. ನೋಡಿ, ನೆನೆಸಿ ನಿಮಿರುವುದು ಮೆದುಳಿನಿಂದ ಇಳಿದು ಬೆನ್ನಿನ ಕೆಳಭಾಗದ ನರಗಳ ಮೂಲಕ ಬರುತ್ತದೆ. ಮುಟ್ಟಿದಾಗ ನಿಮಿರುವುದು ಬೆನ್ನುಹುರಿಯ ತೀರ ತುದಿಯ ನರಗಳ ಕೆಲಸ, ಅದಕ್ಕೆ ಮೆದುಳಿನ ಅಪ್ಪಣೆ ಬೇಡ. ಹಾಗಾಗಿ ಪೆಟ್ಟು ಮೇಲೆ ಆದವರಿಗೆ ನೆನೆಸಿಕೊಂಡರೆ ಏನೂ ಆಗದಿದ್ದರೂ ಮುಟ್ಟಿದರೆ, ಒಮ್ಮೊಮ್ಮೆ ಕೆಥೆಟರ್ ಹಾಕುವಾಗಲೂ, ನಿಮಿರುತ್ತದೆ. ತುದಿಯಲ್ಲೇ ಪೆಟ್ಟಾದವರಿಗೆ ಮುಟ್ಟಿದರೆ ಆಗುವುದು ಕಷ್ಟ. ‘ನನ್ನದು ಮುಗಿದೇಹೋಯಿತು’ ಅಂದುಕೊಂಡ ಹುಡುಗನಿಗೆ ಇಷ್ಟು ತಿಳಿದರೂ ದೊಡ್ಡ ಸಮಾಧಾನ. ನಿಮಿರಲು ನೆರವಾಗುವ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ಉಪಯೋಗವಾಗುತ್ತದೆ, ಆದರೆ ವೈದ್ಯರು ಬರೆದುಕೊಟ್ಟರೆ ಮಾತ್ರ. ಹೃದಯಕ್ಕೆ ನೈಟ್ರೇಟ್ ಮಾತ್ರೆ ನುಂಗುವವರು ಅದನ್ನು ಮುಟ್ಟಲೇಬಾರದು, ಬಿಪಿ ಪಾತಾಳಕ್ಕಿಳಿಯುತ್ತದೆ. ನಿಮಿರಿದ್ದು ನಾಲ್ಕು ಗಂಟೆ ಮೀರಿಯೂ ಇಳಿಯದಿದ್ದರೆ ಅದು ತುರ್ತು, ಆಸ್ಪತ್ರೆಗೆ ಹೊರಡಬೇಕು.

ಸೇರುವ ಮುಂಚೆ ಎರಡು ಮೂರು ಗಂಟೆ ನೀರು ಕಡಿಮೆ ಕುಡಿಯಿರಿ, ಆಮೇಲೆ ಮೂತ್ರ, ಮಲ ಖಾಲಿ ಮಾಡಿಕೊಳ್ಳಿ. ಹಾಸಿಗೆ ಮೇಲೆ ಒಂದು ಟವೆಲ್ ಇರಲಿ. ಒದ್ದೆಯಾದರೆ ಅದು ನಾಚಿಕೆಯ ವಿಷಯವಲ್ಲ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ಕೆಥೆಟರ್ ಒಳಗೇ ಇರುವ ಗಂಡಸರು ಚೀಲದಿಂದ ಬಿಡಿಸಿ, ತುದಿ ಮುಚ್ಚಿ, ಕೊಳವೆಯನ್ನು ಶಿಶ್ನದ ಉದ್ದಕ್ಕೆ ಹಿಂದಕ್ಕೆ ಮಡಚಿ ಮೇಲಿಂದ ಕಾಂಡೋಮ್ ಹಾಕಬಹುದು. ಹೆಂಗಸರಾದರೆ ಹೊಟ್ಟೆಯ ಮೇಲಕ್ಕೆ ಟೇಪ್ ಹಾಕಿ ಅಂಟಿಸಿಕೊಳ್ಳಬಹುದು. ಮುಗಿದ ಕೂಡಲೆ ಮತ್ತೆ ಚೀಲಕ್ಕೆ ಜೋಡಿಸಲೇಬೇಕು. ಸ್ಪರ್ಶ ಇಲ್ಲದ ಕಡೆ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ. ಆಮೇಲೆ ಸೊಂಟ, ಮಂಡಿ, ಗುಪ್ತಾಂಗದ ಚರ್ಮವನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ.

ಒಂದು ಅಪಾಯ ನಿಮಗೆಲ್ಲ ಗೊತ್ತಿರಲೇಬೇಕು. ಸ್ಪರ್ಶ ನಿಂತ ಗೆರೆ ಎದೆಮೂಳೆಯ ಕೆಳತುದಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇದ್ದರೆ, ವೈದ್ಯರ ಲೆಕ್ಕದಲ್ಲಿ ಟಿ-6 ಮತ್ತು ಮೇಲೆ, ತುಂಬಿದ ಮೂತ್ರಕೋಶ, ಸಂಭೋಗ, ಹೆರಿಗೆ ನೋವು, ಯೋನಿಯ ಪರೀಕ್ಷೆ ಯಾವುದರಿಂದ ಬೇಕಾದರೂ ಬಿಪಿ ಏಕಾಏಕಿ ಏರಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು, ಮೈಯ ಮೇಲ್ಭಾಗ ಬೆವರುವುದು, ಮೂಗು ಕಟ್ಟುವುದು ಇದರ ಗುರುತು. ತಕ್ಷಣ ನಿಲ್ಲಿಸಿ, ಎತ್ತಿ ಕೂರಿಸಿ, ಕಾಲು ಕೆಳಗೆ ಬಿಡಿ, ಬಿಗಿ ಬಟ್ಟೆ ಸಡಿಲಿಸಿ, ಕೆಥೆಟರ್ ಮಡಚಿದೆಯೇ ನೋಡಿ, ಮೂತ್ರ ಖಾಲಿ ಮಾಡಿಸಿ. ಮಲಗಿಸಬೇಡಿ. ಇಳಿಯದಿದ್ದರೆ ಆಸ್ಪತ್ರೆ. ಕುತ್ತಿಗೆ ಮಟ್ಟದ ಪೆಟ್ಟಿನವರ ಬಿಪಿಯ ಮೇಲಿನ ಅಂಕಿ ಮಾಮೂಲಾಗಿ 90–110 ಇರುತ್ತದೆ. ಅವರಿಗೆ 140 ಅಂದರೆ ಬಹಳ ಹೆಚ್ಚು. ‘140 ತಾನೇ’ ಅಂತ ಯಾರಾದರೂ ಅಂದರೆ ಇದನ್ನು ನೆನಪಿಸಿ. ಸಿಲ್ಡೆನಾಫಿಲ್ ತಗೊಂಡಿದ್ದರೆ ಅದನ್ನೂ ಹೇಳಲೇಬೇಕು, ಬಿಪಿ ಇಳಿಸಲು ಅಲ್ಲಿ ಕೊಡುವುದು ನೈಟ್ರೇಟ್ ಆಗಿರಬಹುದು.

ಬೆನ್ನುಹುರಿಗೆ ಪೆಟ್ಟಾದ ಹೆಂಗಸರಿಗೆ ಕೆಲವು ತಿಂಗಳು ಮುಟ್ಟು ನಿಲ್ಲುವುದುಂಟು. ಆಮೇಲೆ ಬರುತ್ತದೆ, ಗರ್ಭವೂ ನಿಲ್ಲುತ್ತದೆ. ಸ್ಪರ್ಶ ಇಲ್ಲ, ಹಾಗಾಗಿ ಮಕ್ಕಳಾಗುವುದಿಲ್ಲ ಅನ್ನುವುದನ್ನು ನಂಬಿ ಬೇಡದ ಗರ್ಭ ಹೊತ್ತವರಿದ್ದಾರೆ. ಬೇಕಾಗಿ ಬಸಿರಾದವರಿಗೆ ಪೆಟ್ಟು ಟಿ-10ರಿಂದ (ಸ್ಪರ್ಶದ ಗೆರೆ ಹೊಕ್ಕುಳ ಮಟ್ಟ) ಮೇಲಿದ್ದರೆ ಹೆರಿಗೆ ನೋವೇ ಗೊತ್ತಾಗದಿರಬಹುದು. ಸೆಳೆತ ಹೆಚ್ಚುವುದು, ಹೊಟ್ಟೆ ಕೈಗೆ ಗಟ್ಟಿಯಾಗಿ ಸಿಗುವುದು, ತಲೆನೋವು, ನೀರು ಹೋಗುವುದು ಇವನ್ನೇ ಕಾಯಬೇಕು. ಆಶಾ ಅಕ್ಕಂದಿರೇ, ಇಂಥವರನ್ನು ದಿನ ತುಂಬುವ ತನಕ ಹಳ್ಳಿಯಲ್ಲಿ ಬಿಡಬೇಡಿ. ಗಂಡಸರಿಗೆ ಸ್ಖಲನ ಆಗದಿದ್ದರೂ ಕಂಪನ ಯಂತ್ರದಿಂದ ವೀರ್ಯ ತೆಗೆಯುವ ವಿಧಾನವಿದೆ. ಮೊದಲ ಸಲ ಆಸ್ಪತ್ರೆಯಲ್ಲೇ ಮಾಡಬೇಕು, ಈಗ ಹೇಳಿದ ಬಿಪಿಯ ಕಾರಣಕ್ಕೆ.

ಕುಟುಂಬ ಯೋಜನೆಯಲ್ಲಿ ಔಷಧಿಗಳ ತಿಕ್ಕಾಟ ಬಹಳ, ಅದಕ್ಕೇ ನುಂಗುವ ಎಲ್ಲ ಮಾತ್ರೆಯ ಚೀಟಿಯನ್ನೂ ನೋಡಿ. ಫಿನೈಟೋಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟೋನ್, ನಮ್ಮ ಕಡೆ ಫಿಟ್ಸ್‌ಗೆ ಬಹಳವಾಗಿ ಕೊಡುವ ಈ ಮೂರೂ ಗರ್ಭ ತಡೆಯಲು ದಿನಾ ನುಂಗುವ ಮಾಲಾ-ಎನ್ ಗುಳಿಗೆಯ ಶಕ್ತಿ ಕುಂದಿಸುತ್ತವೆ. ಯಕೃತ್ತು ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತದೆ. ಒಂದು ದಿನವೂ ತಪ್ಪದೆ ನುಂಗಿಯೂ ಬಸಿರಾಗುತ್ತಾರೆ, ಬೈಗುಳ ಆ ಹೆಂಗಸಿಗೆ. ತುರ್ತು ಮಾತ್ರೆಯೂ ಹಾಗೆಯೇ ಸೋಲಬಹುದು. ಐದು ದಿನದೊಳಗೆ ಕಾಪರ್-ಟಿ ಹಾಕಿಸುವುದು ಅವರಿಗೆ ಗಟ್ಟಿ ದಾರಿ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನ ಶಕ್ತಿಯನ್ನು ಇವು ಕುಂದಿಸುವುದಿಲ್ಲ. ಆದರೆ ಅದು ಮೂಳೆಯ ಸಾಂದ್ರತೆ ಇಳಿಸುತ್ತದೆ, ಓಡಾಡದವರ ಮೂಳೆ ಮೊದಲೇ ಟೊಳ್ಳು, ಅವರಿಗೆ ವೈದ್ಯರು ಯೋಚಿಸಿ ಕೊಡಬೇಕು. ಓಡಾಡದವರಿಗೆ ಮಾಲಾ-ಎನ್‌ನಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಸ್ಪರ್ಶ ಇಲ್ಲದ ಕಾಲಿನಲ್ಲಿ ನೋವು ಗೊತ್ತಾಗದು; ಒಂದು ಕಾಲು ಮಾತ್ರ ಊದಿ ಬೆಚ್ಚಗಿದ್ದರೆ ಅದೇ ಸೂಚನೆ. ಫಿಟ್ಸ್‌ಗೆ ವಾಲ್‌ಪ್ರೊಯೇಟ್ ನುಂಗುವ ಹೆಣ್ಣುಮಗಳು ಮಗು ಬೇಕು ಅಂದರೆ ಬಸಿರಾಗುವ ಮುಂಚೆಯೇ ವೈದ್ಯರ ಹತ್ತಿರ ಹೋಗಬೇಕು, ಆ ಮಾತ್ರೆ ಮಗುವಿನ ಬೆನ್ನುಹುರಿಗೆ ತೊಂದರೆ ಕೊಡಬಲ್ಲದು. ಹಾಗಂತ ತಾನೇ ನಿಲ್ಲಿಸಿದರೆ ಫಿಟ್ಸ್ ಮೇಲೆ ಫಿಟ್ಸ್ ಬಂದು ತಾಯಿಗೇ ಅಪಾಯ. ಮಾನಸಿಕ ಕಾಯಿಲೆಗೆ ರಿಸ್ಪೆರಿಡೋನ್ ನುಂಗುವವರಿಗೆ ಮುಟ್ಟು ನಿಲ್ಲಬಹುದು, ನಿಮಿರುವುದು ಕಡಿಮೆಯಾಗಬಹುದು. ಅದನ್ನು ಹೇಳಲಾರದೆ ಮಾತ್ರೆಯನ್ನೇ ಬಿಟ್ಟು ಕಾಯಿಲೆ ಮರುಕಳಿಸುತ್ತದೆ. ‘ಮಾತ್ರೆ ಯಾಕೆ ಬಿಟ್ಟಿರಿ’ ಅಂತ ಕೇಳುವಾಗ ಈ ಕಾರಣವನ್ನು ನೀವೇ ಬಾಯಿ ಬಿಟ್ಟು ಕೇಳಿ.

ಕಾಂಡೋಮ್ ಜೊತೆ ಕೊಬ್ಬರಿ ಎಣ್ಣೆ ಬೇಡ. ನಮ್ಮ ಮನೆಗಳಲ್ಲಿ ಕೈಗೆ ಸಿಗುವುದೇ ಅದು, ಆದರೆ ಯಾವ ಎಣ್ಣೆಯಾದರೂ ರಬ್ಬರನ್ನು ಕೊರೆದು ಹರಿಯುವಂತೆ ಮಾಡುತ್ತದೆ. ಔಷಧಿ ಅಂಗಡಿಯಲ್ಲಿ ನೀರಿನ ಜೆಲ್ ಸಿಗುತ್ತದೆ, ಕೆಥೆಟರ್‌ಗೆ ಬಳಸುವಂಥದು. ಹುಟ್ಟಿನಿಂದ ಸ್ಪೈನಾ ಬೈಫಿಡಾ (ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದಿರುವುದು) ಇರುವವರಲ್ಲಿ ರಬ್ಬರಿನ ಅಲರ್ಜಿ ಹೆಚ್ಚು. ಬಲೂನ್ ಊದಿದಾಗ ತುಟಿ ಊದುತ್ತದೆಯೇ ಕೇಳಿ. ಹೌದಾದರೆ ಲ್ಯಾಟೆಕ್ಸ್ ಅಲ್ಲದ ಕಾಂಡೋಮ್ ಬೇಕು.

ಕಿವುಡರ ಜೊತೆ ಆಸ್ಪತ್ರೆಗೆ ಹೋಗುವುದು ಗಂಡ ಅಥವಾ ಅತ್ತೆ. ವೈದ್ಯರು ಅತ್ತೆಯನ್ನು ಕೇಳುತ್ತಾರೆ, ಅತ್ತೆ ಎರಡು ಸನ್ನೆ ಮಾಡುತ್ತಾರೆ, ಸೊಸೆ ತಲೆ ಆಡಿಸುತ್ತಾಳೆ. ತಲೆ ಆಡಿಸಿದ್ದು ಅರ್ಥವಾಗಿದೆ ಅಂತಲ್ಲ. ಗರ್ಭ ತಡೆಯುವ ಛಾಯಾ ಮಾತ್ರೆಯನ್ನೇ ನೋಡಿ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಬಾಯಲ್ಲಿ ಹೇಳಿದರೆ ಕಿವಿ ಕೇಳುವವರಿಗೇ ತಪ್ಪುತ್ತದೆ. ಕ್ಯಾಲೆಂಡರ್ ಮೇಲೆ ಮಾತ್ರೆಯ ಚಿತ್ರ ಬರೆದು, ‘ಮುಂದಿನದು ಯಾವತ್ತು?’ ಅಂತ ಕೇಳಿ, ಅವರೇ ಬೆರಳಿಟ್ಟು ತೋರಿಸಲಿ. ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಮನೆಯವರ ಸನ್ನೆಯಲ್ಲಿ ತಿಳಿಸಲೇಬಾರದು. ವಿಡಿಯೊ ಕರೆಯಲ್ಲಿ ಸನ್ನೆಭಾಷೆ ಬಲ್ಲವರನ್ನು ಹಿಡಿಯಿರಿ.

ಪರೀಕ್ಷೆಯ ಮಂಚದ ಬಗ್ಗೆ ಒಂದು ಮಾತು. ಗಾಲಿಕುರ್ಚಿಯ ಆಸನಕ್ಕಿಂತ ಅದು ಬಹಳ ಎತ್ತರ. ಎತ್ತಿ ಮಲಗಿಸುವ ಗೊಡವೆ ಬೇಡ ಅಂತ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆ 30ರಿಂದ 65 ವರ್ಷದ ಎಲ್ಲ ಹೆಂಗಸರಿಗೂ ಐದು ವರ್ಷಕ್ಕೊಮ್ಮೆ ಆಗಬೇಕು. ‘ಇವಳಿಗೇಕೆ’ ಅನ್ನುವ ಮಾತು ಅಲ್ಲಿ ಸಲ್ಲದು. ಕಾಲು ಅಗಲಿಸಲಾಗದವರನ್ನು ಎಡ ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಚಿ ಒಬ್ಬರು ಹಿಡಿದುಕೊಂಡರೆ ಪರೀಕ್ಷೆ ಮಾಡಬಹುದು. ಮೊದಲೇ ಫೋನ್ ಮಾಡಿ ಇಬ್ಬರು ಸಹಾಯಕಿಯರನ್ನು ಕೇಳಿಕೊಳ್ಳಿ, ಮೂತ್ರ ಖಾಲಿ ಮಾಡಿಸಿಕೊಂಡು ಹೋಗಿ.

ಊಟದ ನಂತರ ಇಲ್ಲೇ ಮೇಜಿನ ಮೇಲೆ ಕಾಂಡೋಮ್, ಮರದ ಮಾದರಿ ಇಟ್ಟಿರುತ್ತೇವೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬೊಬ್ಬರೂ ಮಾಡಿ ನೋಡಬೇಕು, ಕಣ್ಣು ಕಾಣದವರಿಗೆ ನಾಳೆ ಇದನ್ನು ಕಲಿಸುವವರು ನೀವು. ಪೊಟ್ಟಣದೊಳಗೆ ಕಾಂಡೋಮನ್ನು ಬೆರಳಿನಿಂದ ಒಂದು ಬದಿಗೆ ತಳ್ಳಿ, ಗರಗಸದಂಥ ಅಂಚಿನಿಂದ ಹರಿಯಿರಿ, ಹಲ್ಲು ಹಾಕಬೇಡಿ. ಸುರುಳಿಯ ಅಂಚು ಹೊರಮುಖವಾಗಿ ಬೆರಳಿಗೆ ಸಿಗಬೇಕು. ಬಿಚ್ಚಿಕೊಳ್ಳದಿದ್ದರೆ ಅದು ಉಲ್ಟಾ ಆಗಿದೆ. ತಿರುಗಿಸಿ ಹಾಕದೆ ಎಸೆದು ಹೊಸದು ತಗೊಳ್ಳಿ. ತುದಿಯನ್ನು ಚಿವುಟಿ ಗಾಳಿ ತೆಗೆದು, ಬುಡದವರೆಗೆ ಉರುಳಿಸಿ. ಹೊರಗೆ ತೆಗೆಯುವಾಗ ಬುಡದ ಅಂಚನ್ನು ಹಿಡಿದುಕೊಂಡೇ ತೆಗೆಯಬೇಕು. ಪೊಟ್ಟಣದ ಮೇಲಿನ ಅವಧಿ ದಿನಾಂಕ ಬೆರಳಿಗೆ ಸಿಗುವುದಿಲ್ಲ. ಕೊಡುವಾಗಲೇ ಓದಿ ಹೇಳಿ, ಮೊದಲು ಮುಗಿಯುವ ಕಟ್ಟಿಗೆ ಒಂದು ರಬ್ಬರ್ ಬ್ಯಾಂಡ್, ನಂತರದ್ದಕ್ಕೆ ಎರಡು ಹಾಕಿಕೊಡಿ.